ಕಣ್ಣು ತುಂಬದ ಚಿತ್ರ

ನನ್ನ ಓರಗಿತ್ತಿಗೆ ಬೀದಿಯವರು ಇಟ್ಟ ಹೆಸರು ಚೌಕದಕ್ಕ. ಸೋಪು ತಂದರೆ ಅಳತೆ ಹಿಡಿದ ಹಾಗೆ ಚೌಕವಾಗಿ ಕತ್ತರಿಸಿ ಇಡುತ್ತಾಳೆ. ಬಟ್ಟೆ ಮಡಿಸುವಾಗ ಅಂಚಿಗೆ ಅಂಚು ಕೂಡದಿದ್ದರೆ ಕೊಡವಿ ಮತ್ತೆ ಮಡಿಸುತ್ತಾಳೆ. ಕಲ್ಲುಹಾಸಿನ ಮೇಲೆ ನಡೆಯುವಾಗ ಎರಡು ಕಲ್ಲಿನ ನಡುವಿನ ಗೆರೆಯನ್ನು ತುಳಿಯುವುದಿಲ್ಲ. ಎದುರಿನ ಬೀಗ ರಿಪೇರಿಯವನು ಕಂಡಾಗಲೆಲ್ಲ ಕೆಣಕುತ್ತಾನೆ, "ಏನಕ್ಕಾ, ಗೆರೆ ತುಳಿದ್ರೆ ಭೂಮಿ ಬಾಯಿ ಬಿಡುತ್ತಾ?"

"ಭೂಮಿ ಬಿಡಲ್ಲಪ್ಪ. ನಿನ್ನ ಬಾಯಿ ಮುಚ್ಚಲ್ಲ, ಅದೇ ತೊಂದರೆ" ಎನ್ನುತ್ತಾಳೆ.

ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಅವಳು ಅಣ್ಣನ ಹೆಂಡತಿ, ನಾನು ತಮ್ಮನ ಹೆಂಡತಿ. ಆ ಅಣ್ಣತಮ್ಮಂದಿರು ಇಬ್ಬರೂ ಈಗಿಲ್ಲ. ನಾವಿಬ್ಬರು ಮತ್ತು ನನ್ನ ಮಗಳು, ಒಂದೇ ಮನೆಯಲ್ಲಿ ಇದ್ದೇವೆ. ಮಗಳು ಮುಂದಿನ ಕೋಣೆಗೆ ದೊಡ್ಡ ಕನ್ನಡಿ ಹಾಕಿಸಿ, ತಿರುಗುವ ಕುರ್ಚಿ ಇಟ್ಟು, ಹೆಂಗಸರಿಗೆ ಕೂದಲು ಕತ್ತರಿಸುವ ಪಾರ್ಲರ್ ನಡೆಸುತ್ತಾಳೆ. ಹಿಂದಿನ ಕೋಣೆ ಮುದುಕಿಯರದು.

ಅಕ್ಕನಿಗೆ ಈ ಚೌಕದ ಚಾಳಿ ಅಂಟಿದ್ದು ಮಿಲ್ಲಿನಲ್ಲಿ. ನಾವೆಲ್ಲ ಬಟ್ಟೆ ಮಿಲ್ಲಿನವರು. ಪರದೆ, ಹೊದಿಕೆ, ಮೇಜಿನ ಹಾಸು, ಇಂಥ ಚಿತ್ತಾರದ ಬಟ್ಟೆ ನೇಯುವ ಮಿಲ್ಲು ಅದು. ಚಿತ್ತಾರ ಮಗ್ಗಕ್ಕೆ ಹೋಗುವ ಮೊದಲು ಹಾಳೆಯ ಮೇಲೆ ಬರಬೇಕು. ಮೇಜಿನಷ್ಟು ಅಗಲದ ಹಾಳೆ, ಅದರ ತುಂಬ ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಚೌಕಗಳು. ಒಂದು ಚೌಕವೆಂದರೆ ಬಟ್ಟೆಯಲ್ಲಿ ಒಂದು ಎಳೆ ಇನ್ನೊಂದನ್ನು ದಾಟುವ ಜಾಗ. ನಕ್ಷೆಯ ಮೇಷ್ಟ್ರು ಹೂವಿನ ಹೊರಗೆರೆ ಎಳೆದು ಕೊಟ್ಟರೆ, ಒಳಗಿನ ಚೌಕಗಳಿಗೆ ಒಂದೊಂದಾಗಿ ಬಣ್ಣ ಹಚ್ಚುವವರು ಹೆಂಗಸರು. ಆ ಕೆಲಸಕ್ಕೆ ತುಂಬುವುದು ಎಂದು ಹೆಸರು. "ಎಲೆ ತುಂಬಿದ್ಯಾ?" "ಎಲೆ ತುಂಬಿದೆ ಮೇಷ್ಟ್ರೇ, ಹೂವು ಇನ್ನೂ ಅರ್ಧ." ಅಕ್ಕನಷ್ಟು ನಿಧಾನವಾಗಿ ತುಂಬುವವರು ಆ ಸಾಲಿನಲ್ಲಿ ಇರಲಿಲ್ಲ. ಅವಳು ತುಂಬಿದ್ದನ್ನು ಕೆರೆದು ತೆಗೆಯಬೇಕಾಗಿ ಬಂದದ್ದೂ ಅಪರೂಪ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಹಾಳೆಯ ಬಣ್ಣ ಬೇರೆ, ಬಟ್ಟೆಯ ಬಣ್ಣ ಬೇರೆ. ಹಾಳೆಗೆ ಕಪ್ಪು, ಕಂದು ಹಚ್ಚಿದರೆ ಚೌಕದ ಗೆರೆ ಮುಚ್ಚಿಹೋಗುತ್ತದೆ. ಗೆರೆ ಕಾಣದಿದ್ದರೆ ಮುಂದೆ ಓದುವವರು ತಪ್ಪುತ್ತಾರೆ. ಅದಕ್ಕೆ ನಮ್ಮ ಮಿಲ್ಲಿನಲ್ಲಿ ಹಸಿರು ಹಚ್ಚಿದರೆ ಕಂದು ಎಳೆ ಎಂದು ಅರ್ಥ, ಕೆಂಪು ಹಚ್ಚಿದರೆ ಕಪ್ಪು ಎಳೆ. ಖಾಲಿ ಬಿಟ್ಟರೆ ಬಿಳಿ. ಆಕಾರದ ಕಥೆಯೂ ಅಷ್ಟೇ. ಮಗ್ಗದಲ್ಲಿ ಅಡ್ಡ ಎಳೆಗಳು ಒತ್ತೊತ್ತಾಗಿ ಕೂರುವುದರಿಂದ, ಹಾಳೆಯಲ್ಲಿ ಉದ್ದುದ್ದ ಇದ್ದ ಹೂವು ಬಟ್ಟೆಯಲ್ಲಿ ಗುಂಡಗಾಗುತ್ತದೆ. ಹೊಸಬರು ಹಾಳೆ ನೋಡಿ, ಇದೇನು ಹೂವೋ ಹೀರೇಕಾಯಿಯೋ ಎಂದು ನಗುತ್ತಿದ್ದರು. ಅಕ್ಕ ಹಾಳೆ ನೋಡಿದರೆ ಅವಳಿಗೆ ಬಟ್ಟೆಯೇ ಕಾಣುತ್ತಿತ್ತು.

ಹಗಲು ಅವಳು ತುಂಬಿದ್ದನ್ನು ರಾತ್ರಿ ಓದುತ್ತಿದ್ದವರು ಭಾವ, ಮುಂದೆ ಅಕ್ಕನ ಗಂಡನಾದವರು. ಅವರದು ರಟ್ಟು ಕೊರೆಯುವ ಕೆಲಸ. ಹಾಳೆಯ ಒಂದೊಂದು ಸಾಲನ್ನೂ ನೋಡಿ ರಟ್ಟಿನ ಪಟ್ಟಿಯಲ್ಲಿ ತೂತು ಹೊಡೆಯಬೇಕು, ಆ ತೂತಿನ ಪ್ರಕಾರ ಮಗ್ಗ ಎಳೆ ಎತ್ತುತ್ತದೆ. ಎಲ್ಲಾದರೂ ತುಂಬದೆ ಬಿಟ್ಟುಹೋದ ಚೌಕ ಕಂಡರೆ ಭಾವ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಡುತ್ತಿದ್ದರು. ಅಂಥ ಚೌಕಕ್ಕೆ ಅವರು ಇಟ್ಟ ಹೆಸರು ಹಸಿದ ಚೌಕ. ಮದುವೆಗೆ ಮೊದಲು ಅವರಿಬ್ಬರ ನಡುವೆ ನಡೆದ ಮಾತುಕತೆಯೆಂದರೆ ಆ ಚುಕ್ಕಿಗಳೇ. ಒಂದು ದಿನ ನಕ್ಷೆಯ ಮೇಷ್ಟ್ರು ಅತ್ತೆಯ ಹತ್ತಿರ ಬಂದು, "ನಿಮ್ಮ ದೊಡ್ಡವನಿಗೆ ಹೆಣ್ಣು ಹುಡುಕೋ ಕಷ್ಟ ಬೇಡ. ಆ ಹುಡುಗಿಯ ಹಾಳೆ ಬಂದ್ರೆ ಬೇಕುಬೇಕೆಂತಲೇ ಚುಕ್ಕಿ ಇಡ್ತಾನೆ, ತಪ್ಪಿರಲ್ಲ ಏನೂ ಇರಲ್ಲ" ಎಂದರಂತೆ. ಹೀಗೆ ಮದುವೆಯಾಯಿತು. ಆ ವರ್ಷವೇ ನಾನೂ ಆ ಮನೆಗೆ ಸೊಸೆಯಾಗಿ ಬಂದೆ.

ಮದುವೆಯಾದರೂ ಶಿಫ್ಟು ಬದಲಾಗಲಿಲ್ಲ. ಬೆಳಿಗ್ಗೆ ಸೈರನ್ ಕೂಗಿದಾಗ ಅಕ್ಕ ಗೇಟಿನ ಒಳಗೆ, ಭಾವ ಗೇಟಿನ ಹೊರಗೆ. ಸಂಜೆ ಅದೇ ತಿರುಗುಮುರುಗು. ಅತ್ತೆಯೂ ಹಗಲು ಮಿಲ್ಲಿಗೇ ಬರುತ್ತಿದ್ದುದರಿಂದ ಮನೆಗೆ ಬೀಗ. ನೂರಾರು ಜನರ ನೂಕಾಟದಲ್ಲಿ ಅವರಿಬ್ಬರು ಒಬ್ಬರ ಕೈಯಿಂದ ಒಬ್ಬರ ಕೈಗೆ ಮನೆಯ ಬೀಗದ ಕೈ ದಾಟಿಸುತ್ತಿದ್ದರು. ನನ್ನ ಯಜಮಾನರು ಬಟ್ಟೆ ಕಟ್ಟುವ ವಿಭಾಗದಲ್ಲಿದ್ದರು, ನಾನು ರಫು ಕೋಣೆಯಲ್ಲಿ. ನಾವಿಬ್ಬರೂ ಹಗಲಿನ ಶಿಫ್ಟು, ಹಾಗಾಗಿ ನಮಗೆ ಆ ಕಷ್ಟವಿರಲಿಲ್ಲ. ಅಕ್ಕ ಊಟದ ಬಿಡುವಿಗೆ ಮನೆಗೆ ಓಡುತ್ತಿದ್ದಳು. ಭಾವ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಲಗಿರುತ್ತಿದ್ದರು. ಅವರ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು, ಸದ್ದಾಗದ ಹಾಗೆ ಉಂಡು, ಮತ್ತೆ ಓಡಿಬರುತ್ತಿದ್ದಳು. ವಾರದ ನಡುವೆ ಭಾವನಿಗೆ ಒಂದು ರಜೆ. ಅವತ್ತು ಸಂಜೆ ಎದ್ದಿರುತ್ತಿದ್ದರು ನಿಜ. ಎರಡು ಕೋಣೆಯ ಮನೆ, ಅತ್ತೆ, ನನ್ನ ಯಜಮಾನರು, ನಾನು, ಎಲ್ಲರೂ ಅಲ್ಲೇ. ಅಕ್ಕ ಒಲೆಯ ಕಡೆ ಮುಖ ಮಾಡಿ ನಿಂತರೆ ಈ ಕಡೆ ತಿರುಗುತ್ತಿರಲಿಲ್ಲ. ಇವತ್ತಲ್ಲದಿದ್ದರೆ ನಾಳೆ, ಎಲ್ಲಿಗೆ ಹೋಗುತ್ತಾರೆ, ಎಂಬ ಧೈರ್ಯ ಇರುವಾಗ ಗಂಡನನ್ನು ಯಾರು ದಿಟ್ಟಿಸಿ ನೋಡುತ್ತಾರೆ?

ಆ ಕಾಲದಲ್ಲೇ ಅವಳೊಂದು ತಮಾಷೆ ಹೂಡಿದಳು. ಬೇಡವೆಂದು ಬದಿಗಿಟ್ಟ ಹಾಳೆಯೊಂದರ ಮೇಲೆ, ಮೇಷ್ಟ್ರು ಎದ್ದುಹೋದಾಗಲೆಲ್ಲ ನಾಲ್ಕು ನಾಲ್ಕು ಚೌಕ ತುಂಬುತ್ತ, ಭಾವನ ಮುಖ ಬರೆದಳು. ಮುಗಿದ ಮೇಲೆ ಅದನ್ನು ರಾತ್ರಿಯ ಕಟ್ಟಿನೊಳಗೆ ಸೇರಿಸಿಬಿಡಬೇಕು, ಭಾವ ಹೂವೋ ಬಳ್ಳಿಯೋ ಎಂದುಕೊಂಡು ಸಾಲುಸಾಲಾಗಿ ಓದುತ್ತ ತೂತು ಹೊಡೆಯಬೇಕು, ಅರ್ಧಕ್ಕೆ ಬಂದಾಗ ತನ್ನ ಮೂಗು ತನಗೇ ಸಿಗಬೇಕು. ಇದು ಅವಳ ಲೆಕ್ಕಾಚಾರ. ನನಗೊಬ್ಬಳಿಗೆ ತೋರಿಸಿದ್ದಳು. ಹಸಿರು ಮುಖ, ಕೆಂಪು ಕೂದಲು, ಕುದುರೆಯ ಮುಖದಷ್ಟು ಉದ್ದ. ಮಿಲ್ಲಿನವಳಾದ್ದರಿಂದ ನಾನು ನಗಲಿಲ್ಲ. ಕಿವಿಯ ಮಡಿಕೆ, ಮೇಲ್ದುಟಿಯ ಓರೆ, ಹಣೆಯಲ್ಲಿ ಕೂದಲು ಸುಳಿ ತಿರುಗುವ ಜಾಗ, ಎಲ್ಲ ಭಾವನದೇ. ಕಣ್ಣಿನ ಜಾಗ ಮಾತ್ರ ಖಾಲಿ.

"ಕಣ್ಣು?" ಎಂದೆ.

"ಮುಚ್ಚಿದ್ದು ಬೇಕಾದ್ರೆ ಈಗಲೇ ತುಂಬ್ತೀನಿ ಕಣೇ" ಎಂದಳು, ಮುಖ ಕೆಂಪಾಗಿಸಿಕೊಂಡು. "ಈ ಸಲದ ರಜೆಗೆ ಕಣ್ತುಂಬ ನೋಡಿಕೊಂಡು ಬಂದು, ಆಮೇಲೆ ತುಂಬ್ತೀನಿ."

ಆ ರಜೆ ಬರುವ ಮೊದಲೇ ಮಿಲ್ಲಿನವರು ಒಂದಷ್ಟು ಯಂತ್ರಗಳನ್ನು ದೂರದ ಊರಿನ ಇನ್ನೊಂದು ಮಿಲ್ಲಿಗೆ ಸಾಗಿಸಿದರು. ಅಲ್ಲಿಯವರಿಗೆ ರಟ್ಟು ಕೊರೆಯಲು ಕಲಿಸಿ ಬಾ ಎಂದು ಭಾವನನ್ನು ಲಾರಿಯ ಜೊತೆ ಕಳಿಸಿದರು. ಅಲ್ಲಿ ಜ್ವರ ಹಿಡಿಯಿತು. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಎಲ್ಲವನ್ನೂ ಅಲ್ಲಿಯವರೇ ಮುಗಿಸಿದ್ದರು. ಅಕ್ಕನಿಗೆ ಮುಖ ನೋಡಲು ಸಿಗಲಿಲ್ಲ.

ಹಾಳೆಯೂ ಸಿಗಲಿಲ್ಲ. ಮಿಲ್ಲಿನ ಕಾಗದ ಗೇಟು ದಾಟುವಂತಿರಲಿಲ್ಲ, ಹೊರಗೆ ಹೋಗುವವರ ಚೀಲ ಬಿಚ್ಚಿ ನೋಡುತ್ತಿದ್ದರು. ಅಕ್ಕ ಅದನ್ನು ಹಳೆಯ ಹಾಳೆಗಳ ರಾಶಿಯ ತಳದಲ್ಲಿ ಇಟ್ಟು, ಆಗಾಗ ಧೂಳು ಹೊಡೆಯುವ ನೆಪದಲ್ಲಿ ತೆಗೆದು ನೋಡುತ್ತಿದ್ದಳು. ಒಂದು ಬೆಳಿಗ್ಗೆ ನೋಡಿದರೆ ರಾಶಿಯೇ ಇಲ್ಲ, ಉಗ್ರಾಣಕ್ಕೆ ಹಾಕಿದ್ದೇವೆ ಎಂದರು. ಕೆಲವು ವರ್ಷದ ಮೇಲೆ ಮಿಲ್ಲೇ ಮುಚ್ಚಿತು. ಉಗ್ರಾಣದಲ್ಲಿದ್ದದ್ದು ರದ್ದಿಯವನ ಪಾಲಾಯಿತು ಎಂದು ಯಾರೋ ಹೇಳಿದರು.

ಫೋಟೋ ಇರಲಿಲ್ಲವೇ ಎಂದು ಕೇಳಬಹುದು. ಒಂದಿದೆ, ಮದುವೆಯದು. ಫೋಟೋದವನ ದೀಪ ಫಳಕ್ಕೆಂದಾಗ ಎಲ್ಲರೂ ಕಣ್ಣು ಬಿಟ್ಟಿದ್ದಾರೆ, ಭಾವ ಒಬ್ಬರು ಮುಚ್ಚಿದ್ದಾರೆ. "ರಾತ್ರಿ ಪಾಳಿ ಮುಗಿಸಿ ಬಂದು ತಾಳಿ ಕಟ್ಟಿದೋರು, ಅಲ್ಲೇ ಒಂದು ನಿದ್ದೆ ತೆಗೆದಿದ್ದಾರೆ" ಎಂದು ಅಕ್ಕ ಹೇಳಿ ನಗುವುದುಂಟು. ನಕ್ಕು ಆದ ಮೇಲೆ ಆ ಫೋಟೋವನ್ನು ಬಟ್ಟೆಯಿಂದ ಒರೆಸುತ್ತಾಳೆ, ಮುಚ್ಚಿದ ಕಣ್ಣಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು.

ಮಿಲ್ಲು ಮುಚ್ಚಿದ ಮೇಲೆ ಅಕ್ಕ ಪರದೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿದಳು. ಕೈ ನಡುಗುವವರೆಗೂ ಅಲ್ಲೇ ಇದ್ದಳು. ಇನ್ನೊಂದು ಮದುವೆಗೆ ಹೇಳಿದವರಿದ್ದರು, ಬೇಡವೆಂದಳು. ನನ್ನ ಮಗಳನ್ನು ಬೆಳೆಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವಳದು. ಬದುಕಿನಲ್ಲಿ ಇದು ಬೇಕು, ಅದು ಬೇಕು ಎಂದು ಬಾಯಿಬಿಟ್ಟು ಕೇಳಿದವಳಲ್ಲ. ಆಗಾಗ ಮಾತ್ರ, ತರಕಾರಿ ಹೆಚ್ಚುತ್ತಲೋ ನೀರು ಹಿಡಿಯುತ್ತಲೋ ಇದ್ದವಳು ಸುಮ್ಮನೆ ನಿಂತು, "ಆ ಹಾಳೆ ಒಂದು ಸಲ ಸಿಕ್ಕಿದ್ದಿದ್ರೆ" ಎನ್ನುತ್ತಿದ್ದಳು.

ಕೊನೆಗೆ ಆ ಹಾಳೆ ಪಾರ್ಲರಿಗೇ ಬಂತು.

ಅವತ್ತು ಕುರ್ಚಿಯಲ್ಲಿ ಕೂತಿದ್ದವರು ಶಾಲೆಯ ಡ್ರಾಯಿಂಗ್ ಟೀಚರು. ಒದ್ದೆ ಕೂದಲು ಮುಖದ ಮೇಲೆ ಇಳಿಬಿಟ್ಟುಕೊಂಡು ಫೋನು ನೋಡುತ್ತಿದ್ದರು. ಅಕ್ಕ ಕೆಳಗೆ ಬಿದ್ದ ಕೂದಲು ಗುಡಿಸುತ್ತಿದ್ದಳು.

"ಅಬ್ಬಬ್ಬಾ" ಎಂದರು ಟೀಚರು. "ಕಂಪ್ಯೂಟರ್ ಚಿತ್ರಗಳ ಹರಾಜಿನಲ್ಲಿ ಇವತ್ತು ಹೊಸ ದಾಖಲೆಯಂತೆ. ಈ ಥರದ ಚಿತ್ರಕ್ಕೆ ಇಷ್ಟು ದುಡ್ಡು ಹಿಂದೆ ಯಾವತ್ತೂ ಬಂದಿಲ್ವಂತೆ."

"ಎಷ್ಟು ಟೀಚರ್?" ಎಂದಳು ಮಗಳು.

ಟೀಚರು ಓದಲು ಹೊರಟು, ಸೊನ್ನೆಗಳ ನಡುವೆ ದಾರಿ ತಪ್ಪಿ, "ನಮ್ಮ ಬೀದಿಯನ್ನೇ ಕೊಳ್ಳಬಹುದು ಬಿಡಿ, ಮೇಲೆ ಬೀದಿಯವರನ್ನೂ" ಎಂದರು. "ಯಾವುದೋ ಹಳೆ ಮಿಲ್ಲಿನ ರದ್ದಿಯಲ್ಲಿ ಸಿಕ್ಕಿದ್ದಂತೆ. ರದ್ದಿ ಕೊಂಡ ಮನುಷ್ಯ ಒಂದೊಂದು ಹಾಳೆಯನ್ನೂ ಕಂಪ್ಯೂಟರಿಗೆ ಹಾಕಿ ಮಾರಿದ್ದಾನೆ. ಬರೆದವರು ಯಾರೋ ಗೊತ್ತಿಲ್ಲ. ಹೆಸರು, ಕಣ್ಣಿಲ್ಲದ ಹಸಿರು ಮನುಷ್ಯ."

ಪೊರಕೆ ನಿಂತಿತು. ಅಕ್ಕ ಬಂದು ಟೀಚರ ಭುಜದ ಮೇಲಿಂದ ಬಗ್ಗಿ ನೋಡಿದಳು. ನೋಡಿ, ಗುಡಿಸಿದ ಕೂದಲ ಗುಡ್ಡೆಯ ಪಕ್ಕದಲ್ಲೇ ನೆಲಕ್ಕೆ ಕೂತಳು.

"ಏನಾಯ್ತು ದೊಡ್ಡಮ್ಮ? ತಲೆ ಸುತ್ತು ಬಂತಾ?" ಮಗಳು ಕತ್ತರಿ ಹಿಡಿದುಕೊಂಡೇ ಓಡಿದಳು.

"ಅಮ್ಮನ್ನ ಕರಿ" ಎಂದಳು ಅಕ್ಕ. ನಾನು ಒಳಗಿನಿಂದ ಬಂದೆ. ಅವಳು ಫೋನನ್ನು ನನ್ನ ಕಡೆ ಹಿಡಿದು, "ನಿನ್ನ ಭಾವ" ಎಂದಳು.

ಹೌದು. ಹಸಿರು ಮುಖ, ಕೆಂಪು ಕೂದಲು. ಹಾಳೆಯ ಒಂದು ಮೂಲೆ ಮಡಚಿ ಕಲೆಯಾಗಿತ್ತು, ಅಷ್ಟೇ.

ಟೀಚರಿಗೆ ವಿಷಯ ತಿಳಿದು ಅವರ ಕಣ್ಣು ಅರಳಿತು. ಒದ್ದೆ ಕೂದಲಿನಲ್ಲೇ ಎದ್ದುನಿಂತು ಅಕ್ಕನ ಕೈ ಹಿಡಿದುಕೊಂಡರು. "ಅಜ್ಜಿ, ನೀವು ಬರೆದಿದ್ದಾ? ಜನ ಆ ಕಣ್ಣಿಲ್ಲದ ಜಾಗ ನೋಡಿಯೇ ಮರುಳಾಗಿರೋದು ಗೊತ್ತಾ? ನೋಡ್ತಾ ಇದ್ರೆ ಎದೆಯೊಳಗೆ ಏನೋ ಖಾಲಿ ಆದ ಹಾಗೆ ಆಗುತ್ತೆ."

"ಆಗುತ್ತಮ್ಮ" ಎಂದಳು ಅಕ್ಕ. "ನನಗೂ ಆಗುತ್ತೆ."

ಮಗಳು ತನ್ನ ಫೋನಿನಲ್ಲೂ ಅದೇ ಚಿತ್ರ ತೆರೆದು ತೋರಿಸಿದಳು. ಸ್ವಲ್ಪ ನೀರು ಕುಡಿದ ಮೇಲೆ ಅಕ್ಕನಿಗೆ ಅರ್ಥವಾಗದೇ ಉಳಿದದ್ದು ಒಂದೇ. "ಯಾರೋ ಕೊಂಡುಕೊಂಡಿದ್ದಾರೆ ಅಂತೀರಿ. ಆದ್ರೆ ಟೀಚರ ಫೋನಲ್ಲೂ ಇದೆ, ನಿನ್ನ ಫೋನಲ್ಲೂ ಬಂತು. ಹಾಗಾದ್ರೆ ಕೊಂಡೋರಿಗೆ ಸಿಕ್ಕಿದ್ದೇನು?"

ಮಗಳು ಯೋಚಿಸಿ ಹೇಳಿದಳು, "ಚಿತ್ರ ಎಲ್ಲರೂ ನೋಡಬಹುದು ದೊಡ್ಡಮ್ಮ. ಆದ್ರೆ ಇದು ಇಂಥೋರದು ಅಂತ ಒಬ್ಬರ ಹೆಸರು ಮಾತ್ರ ಕಂಪ್ಯೂಟರಿನಲ್ಲಿ ಇರುತ್ತೆ. ಅದನ್ನ ಯಾರೂ ಅಳಿಸೋಕಾಗಲ್ಲ."

"ಓ, ಮದುವೆ ಇದ್ದ ಹಾಗೆ" ಎಂದಳು ಅಕ್ಕ.

ಪಾರ್ಲರಿನಲ್ಲಿ ಸರದಿ ಕಾಯುತ್ತಿದ್ದವರೂ ಸೇರಿ ಎಲ್ಲರೂ ನಕ್ಕರು. ಅವರಲ್ಲೊಬ್ಬರು ವಕೀಲರ ಹೆಂಡತಿ. "ನಗೋ ಮಾತಲ್ಲ ಅಜ್ಜಿ, ಹಕ್ಕು ಕೇಳಿ. ನಮ್ಮ ಮನೆಯವರಿಗೆ ಹೇಳ್ತೀನಿ" ಎಂದರು.

"ಏನಂತ ಕೇಳಲಿ ತಾಯಿ? ಹಾಳೆ ಮಿಲ್ಲಿಂದು, ಬಣ್ಣ ಮಿಲ್ಲಿಂದು, ಕೆಲಸದ ಹೊತ್ತಿನಲ್ಲಿ ಕದ್ದು ಬರೆದದ್ದು. ಇವರನ್ನೂ ಮಿಲ್ಲಿಗೇ ಕೊಟ್ಟಾಯ್ತು." ಅಲ್ಲಿಗೆ ಆ ಮಾತು ಮುಗಿಯಿತು. ಮತ್ತೆ ಯಾರು ಎತ್ತಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಿಂದಿನ ಕೋಣೆಗೆ ಬಂದ ಮೇಲೆ ನನ್ನ ಸೆರಗು ಜಗ್ಗಿದಳು. "ಫೋನಲ್ಲಿರೋದು ಅವರಲ್ಲ ಕಣೇ. ಹಸಿರು ಬಳಿದು ಉದ್ದಕ್ಕೆ ಎಳೆದಿರೋ ಯಾರೋ. ಬಟ್ಟೆಗೆ ಇಳಿದ್ರೇ ಅವರು ಬರೋದು. ನಿನ್ನ ಕೈಲಿ ಆಗುತ್ತಾ?"

ರಫು ಎಂದರೆ ಸೂಜಿಯಲ್ಲಿ ನೇಯುವುದೇ. ಹರಿದ ಜಾಗಕ್ಕೆ ಉದ್ದ ಎಳೆಯ ಹಾಸು ಹಾಕಿ, ಅಡ್ಡ ಎಳೆಯ ಹೊಕ್ಕು ಹೊಗಿಸಿ, ಹರಿದದ್ದು ಗೊತ್ತಾಗದಂತೆ ಮಾಡುವುದು. ಮಗ್ಗವಿಲ್ಲದೆ ಒಂದು ಮುಖದಷ್ಟು ಬಟ್ಟೆ ಹುಟ್ಟಿಸಲು ನನಗೆ ಬರುತ್ತದೆ. ಕಣ್ಣು ಮೊದಲಿನಂತಿಲ್ಲ, ಆದರೂ ಆಗುತ್ತದೆ ಎಂದೆ.

ಮೊದಲು ಚಿತ್ರ ಕಾಗದದ ಮೇಲೆ ಬರಬೇಕಿತ್ತು. ಮಗಳು ನಮ್ಮಿಬ್ಬರನ್ನೂ ಮೂಲೆಯ ಝೆರಾಕ್ಸ್ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯವನು ಫೋನಿನಲ್ಲಿ ಚಿತ್ರ ನೋಡಿ ನಮ್ಮನ್ನೂ ನೋಡಿದ. "ಅಜ್ಜಿ, ಇದು ಆ ದಾಖಲೆ ಚಿತ್ರ ಅಲ್ವಾ? ಕದ್ದ ಮಾಲು ಅಲ್ಲ ತಾನೇ?"

"ನನ್ನ ಗಂಡನಪ್ಪ."

"ಸರಿಯೇ ಸರಿ. ನನ್ನ ಹೆಂಡತಿಗೂ ಸಿನಿಮಾದವನನ್ನ ಕಂಡ್ರೆ ಹಾಗೇ ಅನಿಸುತ್ತೆ" ಎಂದು ಅವನು ದೊಡ್ಡ ಕಾಗದ ಹಾಕಿದ. ಯಂತ್ರದಿಂದ ಭಾವ ನಿಧಾನವಾಗಿ ಹೊರಗೆ ಬಂದರು, ಮೊದಲು ಕೂದಲು, ಆಮೇಲೆ ಹಣೆ. ಅಕ್ಕ ಎರಡೂ ಕೈ ಚಾಚಿ, ಕಾಗದ ಕೆಳಗೆ ಬೀಳದಂತೆ ಹಿಡಿದುಕೊಂಡಳು. ಬಿಸಿಯಾಗಿದೆ ಎಂದಳು. ಮನೆಯವರೆಗೂ ಅದನ್ನು ಸುತ್ತಲು ಬಿಡದೆ, ಎರಡು ತುದಿ ಹಿಡಿದುಕೊಂಡು ಗೆರೆ ತುಳಿಯದೆ ನಡೆದಳು.

ಬಾಗಿಲಿಲ್ಲದ ಹಳೆಯ ಕಪಾಟಿನ ಚೌಕಟ್ಟಿಗೆ ಮೊಳೆ ಹೊಡೆದು ಬಿಳಿ ಎಳೆ ಎಳೆದೆವು. ಕಿಟಕಿಯ ಕೆಳಗೆ ಕೂತೆವು. ಅಕ್ಕ ಕಾಗದದ ಮೇಲೆ ಬೆರಳಿಟ್ಟು ಓದುತ್ತಿದ್ದಳು, "ಹಸಿರು ಐದು, ಖಾಲಿ ಒಂದು, ಕೆಂಪು ಎರಡು." ನಾನು ಕಂದು ಐದು, ಬಿಳಿ ಒಂದು, ಕಪ್ಪು ಎರಡು ಹೊಗಿಸುತ್ತಿದ್ದೆ. ಸಾಲು ಮುಗಿದಾಗಲೆಲ್ಲ ಬಾಚಣಿಗೆಯಿಂದ ಒತ್ತಿ ಕೂರಿಸುತ್ತಿದ್ದೆ. ಮಗಳು ನಡುನಡುವೆ ಬಂದು ಇಣುಕಿ, "ಅಮ್ಮ, ಅದು ನನ್ನ ಗಿರಾಕಿಗಳ ಬಾಚಣಿಗೆ" ಎಂದು ಗೊಣಗುತ್ತಿದ್ದಳು. "ನಿನ್ನ ದೊಡ್ಡಪ್ಪನ ತಲೆಯನ್ನೂ ಒಂದಿಷ್ಟು ಬಾಚಿದ ಹಾಗಾಯ್ತು ಬಿಡೆ" ಎನ್ನುತ್ತಿದ್ದಳು ಅಕ್ಕ.

ಗದ್ದದಿಂದ ಮೇಲಕ್ಕೆ ನೇಯುತ್ತ ಹೋದೆವು. ತುಟಿ ಬಂತು. ಉದ್ದವಾಗಿದ್ದ ಮುಖ ಒತ್ತಿದಷ್ಟೂ ಗುಂಡಗಾಗಿ, ಹಸಿರು ಹೋಗಿ ಮೈಬಣ್ಣ ಬಂದು, ಕಾಗದದಲ್ಲಿದ್ದ ಆ ಯಾರೋ ದಿನದಿಂದ ದಿನಕ್ಕೆ ನಮ್ಮ ಮನೆಯ ಮನುಷ್ಯರಾದರು. ಮೂಗು ಮುಗಿದ ದಿನ ಅಕ್ಕ ಊಟ ಮಾಡಲಿಲ್ಲ. ಚೌಕಟ್ಟಿನ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದಳು. ಕಣ್ಣಿನ ಸಾಲುಗಳು ಬಂದವು. ಹಾಳೆಯಲ್ಲಿ ಖಾಲಿಯಿದ್ದಂತೆ ಬಿಳಿಯಾಗಿಯೇ ಬಿಟ್ಟು, ಹಣೆ ನೇಯ್ದು, ಕೂದಲು ನೇಯ್ದು ಮುಗಿಸಿದೆ. ಕಣ್ಣಿನ ಎಳೆಯನ್ನು ಆಮೇಲೆ ಮೇಲಿಂದ ಹೊಗಿಸಬಹುದು.

ಅಕ್ಕ ಚೌಕಟ್ಟನ್ನು ಗೋಡೆಗೆ ಆನಿಸಿ ದೂರ ನಿಂತು ನೋಡಿದಳು. ಹತ್ತಿರ ಬಂದು ನೋಡಿದಳು. "ಎಲ್ಲಾ ಅವರೇ" ಎಂದಳು. "ಕಣ್ಣಷ್ಟೇ ಹಸಿದಿದೆ."

"ಮುಚ್ಚಿದ ಹಾಗೆ ಮಾಡಲಾ ಅಕ್ಕ? ಒಂದು ಸಾಲು ಕಪ್ಪು ಎಳೆ ಸಾಕು. ನಿನಗೆ ಗೊತ್ತಿರೋ ಮುಖ ಅದೇ ಅಲ್ವಾ."

ಅವಳಿಗೆ ಸಿಟ್ಟು ಬಂತು. ಅಷ್ಟು ಸಿಟ್ಟು ನಾನು ಕಂಡಿರಲಿಲ್ಲ. "ಮಲಗಿದ್ದನ್ನೇ ನೋಡಿ ನೋಡಿ ಸಾಕಾಗಿದೆ ನನಗೆ. ಊಟಕ್ಕೆ ಬಂದ್ರೆ ಮಲಗಿದ್ದರು, ಫೋಟೋದಲ್ಲಿ ಮಲಗಿದ್ದಾರೆ. ಈಗ ನೀನೂ ಮಲಗಿಸ್ತೀಯಾ? ಒಂದು ಸಲ ಎದ್ದು ನನ್ನನ್ನ ನೋಡಬಾರದಾ ಅವರು?"

ನಾನು ಸೂಜಿ ಕೆಳಗಿಟ್ಟೆ.

ನಾಲ್ಕೈದು ದಿನ ಹಾಗೇ ಕಳೆಯಿತು. ಅಕ್ಕ ನೆನಪಿಸಿಕೊಳ್ಳುತ್ತಿದ್ದಳು. ಪಾತ್ರೆ ತೊಳೆಯುತ್ತ ಕೈ ನಿಲ್ಲಿಸಿ ಕಣ್ಣು ಮುಚ್ಚುತ್ತಿದ್ದಳು. ಗೇಟಿನ ಹತ್ತಿರ ಬೀಗದ ಕೈ ಕೊಡುವಾಗ ಎಂದು ಶುರುಮಾಡಿ, ಬೆರಳು ನೆನಪಿದೆ, ಹೆಬ್ಬೆರಳಿನ ಗಾಯ ನೆನಪಿದೆ, ಮೇಲಕ್ಕೆ ಹೋದರೆ ಏನೂ ಇಲ್ಲ ಎನ್ನುತ್ತಿದ್ದಳು. ನನ್ನನ್ನು ಕೇಳಿದಳು. ಭಾವನ ಎದುರು ನಿಂತು ಮಾತಾಡಿದ್ದೇ ಕಡಿಮೆ, ನನಗೂ ನೆನಪಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ನನ್ನ ಪಕ್ಕ ಬಂದು ಕೂತಳು.

"ಅತ್ತೆ ಹೇಳ್ತಿದ್ದರಲ್ಲ, ಇಬ್ಬರು ಗಂಡುಮಕ್ಕಳ ಕಣ್ಣೂ ಒಂದೇ ಅಚ್ಚು ಅಂತ. ನಿನ್ನವರ ಕಣ್ಣು ನಿನಗೆ ಗೊತ್ತಿದೆಯಲ್ಲ. ಅದನ್ನೇ ಹಾಕು."

ಗೊತ್ತಿತ್ತು. ದಿನಾ ಎದುರು ಬದುರು ಕೂತು ಉಂಡವರು ನಾವು. ನಗುವಾಗ ಅವರ ಎಡಗಣ್ಣು ಬಲಗಣ್ಣಿಗಿಂತ ಚೂರು ಚಿಕ್ಕದಾಗುತ್ತಿತ್ತು. ರೆಪ್ಪೆಯ ಹೊರತುದಿ ಕೆಳಕ್ಕೆ ಇಳಿದಿತ್ತು, ಅದರಿಂದ ಬೈಯುವಾಗಲೂ ಬೈದ ಹಾಗೆ ಕಾಣುತ್ತಿರಲಿಲ್ಲ. 'ನನ್ನ ಕನ್ನಡಕ ಎಲ್ಲಿ' ಎಂದು ಮನೆಯೆಲ್ಲ ಹುಡುಕಿ, ಹಣೆಯ ಮೇಲೆ ಸಿಕ್ಕಾಗ ಆ ಕಣ್ಣು ಮಾಡುತ್ತಿದ್ದ ಕೆಲಸ ನೋಡಬೇಕಿತ್ತು. ಅಕ್ಕ ಪಾರ್ಲರಿಗೆ ಗುಡಿಸಲು ಹೋದಾಗ ಸೂಜಿ ಹಿಡಿದೆ. ಕಪ್ಪು ಎಳೆ, ನಡುವೆ ಒಂದು ಬಿಳಿ ಚುಕ್ಕಿ ಬಿಟ್ಟೆ. ಲೆಕ್ಕ ಹಾಕಲಿಲ್ಲ, ಕಾಗದ ನೋಡಲಿಲ್ಲ, ಕೈ ತಾನೇ ಹೋಯಿತು. ಎರಡನೆಯ ಕಣ್ಣು ಮುಗಿಸಿ ತಲೆ ಎತ್ತಿದಾಗ ಯಜಮಾನರು ನನ್ನನ್ನು ನೋಡುತ್ತಿದ್ದರು. ಅವರು ಹೋದ ಮೇಲೆ ಹಾಗೆ ಯಾರೂ ನನ್ನನ್ನು ನೋಡಿರಲಿಲ್ಲ.

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ನಾನು ಚೌಕಟ್ಟನ್ನು ಬೆಳಕಿಗೆ ತಿರುಗಿಸಿದೆ. ಬಹಳ ಹೊತ್ತು ನೋಡಿದಳು.

"ಇದು ನಿನ್ನವರು ಕಣೇ" ಎಂದಳು.

"ಹೌದಕ್ಕ" ಎಂದೆ.

"ಅಚ್ಚು ಒಂದೇ ಇರಬಹುದು. ನೋಟ ನಿನ್ನವರದು. ನನ್ನನ್ನ ನೋಡ್ತಾ ಇಲ್ಲ, ನನ್ನ ಪಕ್ಕದಲ್ಲಿರೋ ನಿನ್ನನ್ನ ನೋಡ್ತಾ ಇದ್ದಾರೆ."

ಬಿಚ್ಚಲು ನಾನು ಸೂಜಿ ತೆಗೆದುಕೊಂಡೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಇವತ್ತೊಂದು ದಿನ ಇರಲಿ. ನೋಡಿಕೋ. ನಾಳೆ ಬಿಚ್ಚಿದ್ರಾಯ್ತು."

ಅವತ್ತು ಅವಳೇ ಅಡುಗೆ ಮಾಡಿದಳು, ಅವಳೇ ನೀರು ಹಿಡಿದಳು, ನನ್ನನ್ನು ಏಳಿಸಲಿಲ್ಲ. ನಾನು ಕಿಟಕಿಯಲ್ಲಿ ಬೆಳಕಿರುವವರೆಗೂ ಕೂತಿದ್ದೆ. ಮರುದಿನ ಬೆಳಿಗ್ಗೆ ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಮೀಟಿ ತೆಗೆದೆ. ರಫು ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ, ಅವಸರ ಮಾಡಿದರೆ ಕೆಳಗಿನ ಹಾಸು ಹರಿಯುತ್ತದೆ. ಅಕ್ಕ ಪಕ್ಕದಲ್ಲಿ ಕೂತು, ತೆಗೆದ ಕಪ್ಪು ಎಳೆಗಳನ್ನು ತನ್ನ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮುಗಿದ ಮೇಲೆ ಆ ಸುರುಳಿಯನ್ನು ನನ್ನ ಅಂಗೈಯಲ್ಲಿಟ್ಟು ಮುಚ್ಚಿದಳು.

ಬಟ್ಟೆಯನ್ನು ಚೌಕಟ್ಟಿನಿಂದ ಬಿಡಿಸಿ, ಅಂಚು ಹೊಲಿದು, ಅವಳ ಹಾಸಿಗೆಯ ಎದುರಿನ ಗೋಡೆಗೆ ಹಾಕಿದ್ದೇವೆ. ಕಣ್ಣು ಬಿಳಿಯಾಗಿಯೇ ಇದೆ. ಟೀಚರು ಒಮ್ಮೆ ಬಂದು ನೋಡಿ ಹೋದರು. ಅಕ್ಕ ದಿನಾ ಅದರ ಮುಂದೆ ಕೂರುತ್ತಾಳೆ. ಏನು ನೆನಪಿಸಿಕೊಳ್ಳುತ್ತಾಳೋ, ನೆನಪಾಯಿತೋ ಇಲ್ಲವೋ, ನಾನು ಕೇಳುವುದಿಲ್ಲ. ಕಪ್ಪು ದಾರ ಪೋಣಿಸಿದ ಸೂಜಿಯೊಂದನ್ನು ಮಾತ್ರ ಅವಳ ಕೈಗೆ ಸಿಗುವ ಹಾಗೆ ಕಿಟಕಿಯ ಚೌಕಟ್ಟಿಗೆ ಚುಚ್ಚಿಟ್ಟಿದ್ದೇನೆ.

ಮೊನ್ನೆ ಮಗಳು ಕೂದಲು ಕೊಡವಿಕೊಳ್ಳುತ್ತ ಒಳಗೆ ಬಂದು, "ದೊಡ್ಡಮ್ಮ, ನಿಮ್ಮವರ ದಾಖಲೆ ಮುರಿದುಹೋಯ್ತು ನೋಡಿ. ಇನ್ಯಾವುದೋ ಮುಖದ ಚಿತ್ರ ಅದಕ್ಕಿಂತ ಹೆಚ್ಚಿಗೆ ಮಾರಾಟ ಆಯ್ತಂತೆ" ಎಂದಳು.

ಅಕ್ಕ ಬಟ್ಟೆ ಮಡಿಸುತ್ತಿದ್ದಳು. "ಅದಕ್ಕೆ ಕಣ್ಣಿದೆಯಾ?" ಎಂದು ಕೇಳಿದಳು.

ಮಗಳು ಫೋನು ನೋಡಿದಳು. "ಇದೆ. ಎರಡೂ ಇದೆ, ದೊಡ್ಡದಾಗಿ."

"ಪುಣ್ಯವಂತರು" ಎಂದಳು ಅಕ್ಕ. "ನೋಡಿ ಬರೆದಿದ್ದಾರೆ."